ಪ್ಲನೇರಿಯಾ ಜೊತೆ ನಡೆಸಿದ ಜಗಳ

ಗಾಜಿನ ತೊಟ್ಟಿಯಲ್ಲಿ ಚೆರಿ ಸಿಗಡಿ ಎಂಬ ಪುಟ್ಟ ಸಿಹಿನೀರಿನ ಸಿಗಡಿಯನ್ನು ಸಾಕುವವರಿಗೆಲ್ಲ ಒಂದು ಲೆಕ್ಕ ಬಾಯಿಪಾಠವಾಗಿರುತ್ತದೆ. ಹೆಣ್ಣು ಸಿಗಡಿ ಹೊಟ್ಟೆಯಡಿ ಇಪ್ಪತ್ತು ಮೂವತ್ತು ಮೊಟ್ಟೆಗಳನ್ನು ಹೊತ್ತು ಮೂರ್ನಾಲ್ಕು ವಾರ ತಿರುಗುತ್ತದೆ. ಈಜುಗಾಲುಗಳನ್ನು ಬೀಸುತ್ತಾ ಅವಕ್ಕೆ ಹೊಸ ನೀರು ತಾಗುವಂತೆ ನೋಡಿಕೊಳ್ಳುತ್ತದೆ. ಕೊನೆಗೊಂದು ದಿನ ಹೊಟ್ಟೆ ಖಾಲಿ. ಈ ಸಿಗಡಿಯ ಮರಿಗಳಿಗೆ ಈಜಾಡುವ ಲಾರ್ವಾ ಹಂತವಿಲ್ಲ. ಎರಡು ಮಿಲಿಮೀಟರ್ ಉದ್ದದ, ಅಮ್ಮನ ತದ್ರೂಪದ ಸಿಗಡಿಗಳಾಗಿಯೇ ಹೊರಬಂದು, ಬಂದ ಗಳಿಗೆಯಿಂದಲೇ ಪಾಚಿ ಕೆರೆಯತೊಡಗುತ್ತವೆ. ನೀರು ಸರಿಯಿದ್ದು, ತೊಟ್ಟಿಯಲ್ಲಿ ಮೀನಿಲ್ಲದಿದ್ದರೆ ಸಂಸಾರ ತಾನಾಗಿ ಬೆಳೆಯಬೇಕು. ನನ್ನ ತೊಟ್ಟಿಯಲ್ಲಿ ಈ ಲೆಕ್ಕ ಕೂಡಿಬರುತ್ತಿರಲಿಲ್ಲ. ಹೆಣ್ಣುಗಳು ಒಂದರ ಹಿಂದೆ ಒಂದರಂತೆ ಮೊಟ್ಟೆ ಕಟ್ಟುತ್ತಿದ್ದವು, ಹೊಟ್ಟೆಗಳು ಖಾಲಿಯಾಗುತ್ತಿದ್ದವು, ಆದರೆ ಜಾವಾ ಮಾಸ್ ಎಂಬ ನೀರಿನ ಹಾವಸೆಯ ಎಳೆಗಳ ನಡುವೆ ಕಾಣುತ್ತಿದ್ದ ಮರಿಗಳು ಬೆರಳೆಣಿಕೆಯಷ್ಟು. ಒಂದು ವಾರ ಕಳೆದರೆ ಅವೂ ಇರುತ್ತಿರಲಿಲ್ಲ.

ಸಿಗಡಿ ಸತ್ತಾಗ ಮೊದಲು ನೀರನ್ನು ಅನುಮಾನಿಸಬೇಕು ಎಂಬುದು ಈ ಹವ್ಯಾಸದ ಮೊದಲ ಪಾಠ. ಅಮೋನಿಯಾ ಇಲ್ಲ, ನೈಟ್ರೈಟ್ ಇಲ್ಲ, ನೈಟ್ರೇಟ್ ಲೀಟರಿಗೆ 20 ಮಿಲಿಗ್ರಾಂನ ಕೆಳಗೆ, ಉಷ್ಣತೆ 24 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಮರಿಗಳನ್ನು ಎಳೆದುಕೊಳ್ಳುವಂಥ ಫಿಲ್ಟರ್ ಕೂಡ ಅಲ್ಲ, ಸಾಧಾರಣ ಸ್ಪಂಜ್ ಫಿಲ್ಟರ್. ದೊಡ್ಡ ಸಿಗಡಿಗಳು ಎಂದಿನಂತೆ ಮೇಯುತ್ತಾ, ಪೊರೆ ಕಳಚುತ್ತಾ ಗೆಲುವಾಗಿಯೇ ಇದ್ದವು. ನೀರು ಕೆಟ್ಟಿದ್ದರೆ ಅವೂ ಮಂಕಾಗಬೇಕಿತ್ತು. ಮರಿಗಳು ಮಾತ್ರ ಕಾಣೆಯಾಗುತ್ತಿವೆಯೆಂದರೆ ಅವುಗಳನ್ನು ತಿನ್ನುವ ಏನೋ ಒಂದು ತೊಟ್ಟಿಯೊಳಗಿದೆ ಎಂದು ಅರ್ಥ.

ಹಗಲಿನಲ್ಲಿ ಏನೂ ಕಾಣಿಸಲಿಲ್ಲ. ಕಾಣಿಸುವುದೂ ಇಲ್ಲ. ದೀಪ ಆರಿಸಿ ಎರಡು ಗಂಟೆ ಬಿಟ್ಟು, ಟಾರ್ಚಿನ ಬಾಯಿಗೆ ಕೆಂಪು ಪಾರದರ್ಶಕ ಹಾಳೆ ಸುತ್ತಿಕೊಂಡು ತೊಟ್ಟಿಯ ಮುಂದೆ ಕುಳಿತೆ. ಬೆಳಕು ಕಂಡರೆ ಓಡುವ ಜೀವಿಗಳು ಕೆಂಪು ಬೆಳಕಿಗೆ ಅಷ್ಟಾಗಿ ಬೆದರುವುದಿಲ್ಲ. ಆ ರಾತ್ರಿ ಗಾಜಿನ ಮೇಲೆ, ಜಲ್ಲಿಯ ಮೇಲೆ, ಆಹಾರದ ತಟ್ಟೆಯ ಅಂಚಿನಲ್ಲಿ ನಾನು ಕಂಡದ್ದು ಒಂದು ಬಗೆಯ ಹುಳುವಲ್ಲ, ಮೂರು ಬಗೆ. ಸಿಗಡಿ ಸಾಕುವವರಲ್ಲಿ ಮುಕ್ಕಾಲು ಪಾಲು ಜನ ಎಡವುವುದು ಇಲ್ಲಿಯೇ ಎಂದು ನನ್ನ ಅನಿಸಿಕೆ. ಬಿಳಿಯ ದಾರದಂಥದ್ದೇನಾದರೂ ಅಲ್ಲಾಡಿದರೆ ಸಾಕು, ಸಿಗಡಿ ಮರಿ ತಿನ್ನುವ ಚಪ್ಪಟೆ ಹುಳು ಪ್ಲನೇರಿಯಾ ಬಂತು ಎಂದು ಹೌಹಾರಿ ಔಷಧಿ ಸುರಿದುಬಿಡುತ್ತಾರೆ. ಸುರಿದ ಮೇಲೆ ಬಸವನಹುಳುಗಳು ಸಾಯುತ್ತವೆ, ನೀರು ಹಾಳಾಗುತ್ತದೆ. ಕೊನೆಗೆ ನೋಡಿದರೆ ಆ ಹುಳು ಯಾರ ತಂಟೆಗೂ ಹೋಗದ ಬಡಪಾಯಿಯಾಗಿರುತ್ತದೆ.

ಜಲ್ಲಿಯಿಂದ ತಲೆ ಹೊರಹಾಕಿ ಅಡ್ಡಾದಿಡ್ಡಿ ಒದ್ದಾಡುತ್ತಿದ್ದ, ಕೂದಲೆಳೆಯಷ್ಟು ತೆಳ್ಳನೆಯ ಹುಳುಗಳು ಮೊದಲ ಬಗೆ. ನೀರಿನ ನಡುವೆ ಬಂದರೆ ಸುರುಳಿ ಸುತ್ತುತ್ತಾ, ಎಂಟರ ಆಕಾರದಲ್ಲಿ ಹೊರಳುತ್ತಾ ಈಜುತ್ತವೆ. ಇವು ಎರೆಹುಳುವಿನ ಬಳಗದವು. ಭೂತಗನ್ನಡಿಯಲ್ಲಿ ನೋಡಿದರೆ ಮೈಯಲ್ಲಿ ಉಂಗುರ ಉಂಗುರವಾದ ಖಂಡಗಳು ಕಾಣುತ್ತವೆ. ಕೊಳೆತದ್ದನ್ನು ತಿಂದು ಬದುಕುವ ಇವು ಹೆಚ್ಚಾದರೆ ಜಲ್ಲಿಯಲ್ಲಿ ಕಸ ಕೂತಿದೆಯೆಂದು ತಿಳಿಯಬೇಕು, ಅಷ್ಟೇ. ಎರಡನೆಯವು ಗಾಜಿನ ಮೇಲೆ ಅಂಟಿಕೊಂಡಿದ್ದ ಒಂದೆರಡು ಮಿಲಿಮೀಟರಿನ ಬಿಳಿ ಚುಕ್ಕೆಗಳು. ಕಣ್ಣು ಕಿರಿದು ಮಾಡಿ ನೋಡಿದರೆ ಮೆಲ್ಲಗೆ ಸರಿಯುತ್ತಿರುತ್ತವೆ. ರಾಬ್ಡೊಸೀಲ್ ಎನ್ನುವ ಇವೂ ಚಪ್ಪಟೆ ಹುಳುಗಳೇ, ಪ್ಲನೇರಿಯಾದ ದೂರದ ನೆಂಟರು. ಆದರೆ ತಲೆ ದುಂಡಗೆ, ಮೈ ಪುಟ್ಟದು, ಊಟ ಸೂಕ್ಷ್ಮಜೀವಿಗಳದ್ದು. ಇವುಗಳಿಂದ ಸಿಗಡಿ ಮರಿಗೆ ಅಪಾಯವಾದದ್ದನ್ನು ನಾನು ಕಂಡಿಲ್ಲ.

ಮೂರನೆಯದನ್ನು ನೋಡಿದ ಕೂಡಲೇ ವ್ಯತ್ಯಾಸ ತಿಳಿಯಿತು, ಇದೇ ಪ್ಲನೇರಿಯಾ. ಸುಮಾರು ಒಂದು ಸೆಂಟಿಮೀಟರ್ ಉದ್ದ, ಕಂದು ಬೆರೆತ ಬೂದು ಬಣ್ಣ. ಒದ್ದಾಟವಿಲ್ಲ, ಮೈ ಬಳುಕುವುದಿಲ್ಲ. ಗಾಜಿನ ಮೇಲೆ ಎಣ್ಣೆಯ ಹನಿ ಜಾರಿದಂತೆ ಒಂದೇ ಹದದಲ್ಲಿ ಸರಿಯುತ್ತಿತ್ತು. ಹೊಟ್ಟೆಯಡಿಯ ಸೂಕ್ಷ್ಮ ರೋಮಗಳನ್ನು ಬಡಿಯುತ್ತಾ, ತಾನೇ ಸುರಿಸಿದ ಲೋಳೆಯ ಮೇಲೆ ಅದು ಚಲಿಸುವುದರಿಂದ ಆ ನಡಿಗೆ. ಸಿರಿಂಜಿನಿಂದ ಹೀರಿ ಬಿಳಿ ಪಿಂಗಾಣಿ ಬಟ್ಟಲಿಗೆ ಬಿಟ್ಟೆ. ಗಾಬರಿಯಿಂದ ಮುದುಡಿ ಗುಂಡಗಾಯಿತು. ಸ್ವಲ್ಪ ಹೊತ್ತು ಸುಮ್ಮನೆ ಬಿಟ್ಟಾಗ ಮತ್ತೆ ಉದ್ದವಾಗಿ ಚಾಚಿಕೊಂಡಿತು. ಆಗ ಭೂತಗನ್ನಡಿ ಹಿಡಿದೆ. ತ್ರಿಕೋನದ ತಲೆ, ತ್ರಿಕೋನದ ಎರಡು ಬದಿಗೆ ಕಿವಿಯಂತೆ ಚಾಚಿದ ತುದಿಗಳು, ನಡುವೆ ಎರಡು ಕಣ್ಣು. ಆ ಕಣ್ಣುಗಳ ವಿನ್ಯಾಸ ವಿಚಿತ್ರ. ಬಿಳಿಯ ಮಚ್ಚೆಯ ಒಳ ಅಂಚಿಗೆ ಕಪ್ಪು ಬಣ್ಣ ಕುಳಿತಿರುವುದರಿಂದ ಹುಳು ಮೆಳ್ಳಗಣ್ಣಿನಿಂದ ನಮ್ಮನ್ನೇ ನೋಡುತ್ತಿರುವಂತೆ ಕಾಣುತ್ತದೆ. ನಿಜಕ್ಕೂ ಅದು ಚಿತ್ರ ಕಾಣುವ ಕಣ್ಣಲ್ಲ, ಬೆಳಕು ಯಾವ ಕಡೆಯಿಂದ ಬರುತ್ತಿದೆ ಎಂದು ಹೇಳುವುದಷ್ಟೇ ಅದರ ಕೆಲಸ. ಕಿವಿಗಳೂ ಕೇಳುವ ಕಿವಿಗಳಲ್ಲ, ನೀರಿನಲ್ಲಿ ಕರಗಿದ ಆಹಾರದ ಸುಳಿವು ಹಿಡಿಯುವ ಅಂಗಗಳು.

ಬಟ್ಟಲಿನಲ್ಲಿದ್ದದ್ದಕ್ಕೆ ಮೀನಿನ ಆಹಾರವಾಗಿ ಮಾರುವ ಶೈತ್ಯೀಕರಿಸಿದ ರಕ್ತಹುಳುವಿನ ಒಂದು ತುಣುಕು ಹಾಕಿದೆ. ಶಿಷ್ಟಾಚಾರವೇನೂ ಇಲ್ಲ, ನೇರವಾಗಿ ಬಂದು ಅದರ ಮೇಲೆ ಕವುಚಿಕೊಂಡಿತು. ತಲೆಯಲ್ಲಿ ಬಾಯಿ ಇರಬೇಕೆಂದು ಕಾದರೆ ಮೋಸ ಹೋಗುತ್ತೀರಿ. ಬಾಯಿ ಇರುವುದು ಹೊಟ್ಟೆಯ ನಡುಭಾಗದಲ್ಲಿ. ಅಲ್ಲಿಂದ ಒಂದು ಬಿಳಿ ಕೊಳವೆ ಹೊರಚಾಚಿ, ತುಣುಕಿನೊಳಕ್ಕೆ ನುಗ್ಗಿ, ಮೆಲ್ಲಗೆ ಹೀರತೊಡಗಿತು. ಹುಳುವಿನ ಮೈ ಅರೆಪಾರದರ್ಶಕವಾಗಿದ್ದರಿಂದ ಒಳಗೆ ಕವಲೊಡೆದ ಕರುಳಿನ ಗೆರೆಗಳಲ್ಲಿ ಕೆಂಪು ಬಣ್ಣ ಹರಡುವುದು ಕಾಣುತ್ತಿತ್ತು. ತಿಂದ ಶೇಷ ಹೊರಬರುವುದೂ ಅದೇ ಬಾಯಿಯಿಂದ, ಬೇರೆ ದಾರಿಯಿಲ್ಲ. ನಾನು ಆ ಹುಳುವಿನ ವೈರಿಯಾಗಿ ಕುಳಿತಿದ್ದೆನಾದರೂ ಅಷ್ಟು ಹೊತ್ತು ಅದರ ಊಟ ನೋಡುವುದರಲ್ಲಿ ಮೈಮರೆತದ್ದು ನಿಜ.

ಪ್ಲನೇರಿಯಾ ಸಿಗಡಿಯನ್ನು ಕೊಲ್ಲುತ್ತದೆಯೋ, ಸತ್ತದ್ದನ್ನು ಮಾತ್ರ ತಿನ್ನುತ್ತದೆಯೋ ಎಂಬ ವಾದ ಸಾಕುವವರ ನಡುವೆ ಮುಗಿದದ್ದೇ ಇಲ್ಲ. ನನ್ನ ಗೆಳೆಯನೊಬ್ಬ ಎರಡನೆಯ ಪಕ್ಷದವನು. "ಅದು ತೊಟ್ಟಿಯ ಜಾಡಮಾಲಿ, ಅದರ ಪಾಡಿಗೆ ಬಿಟ್ಟುಬಿಡು" ಎನ್ನುತ್ತಿದ್ದ. ಗಟ್ಟಿಮುಟ್ಟಾದ ದೊಡ್ಡ ಸಿಗಡಿಯ ವಿಷಯದಲ್ಲಿ ಅವನ ಮಾತು ಬಹುಮಟ್ಟಿಗೆ ಸರಿ. ಹುಳು ಮೈಮುಟ್ಟಿದರೆ ಸಿಗಡಿ ಬಾಲ ಬಡಿದು ಹಿಮ್ಮುಖವಾಗಿ ಚಿಮ್ಮಿ ಪಾರಾಗುತ್ತದೆ. ಆದರೆ ಪೊರೆ ಕಳಚಿದ ಮೊದಲ ಗಂಟೆಗಳಲ್ಲಿ ಅದೇ ಸಿಗಡಿಯ ಮೈ ಮೆತ್ತಗಿರುತ್ತದೆ, ಚಿಮ್ಮುವ ಕಸುವಿರುವುದಿಲ್ಲ. ಮರಿಗಂತೂ ಹುಳುವಿನ ಲೋಳೆಯೇ ಬಲೆ. ಅನೂಬಿಯಾಸ್ ಎಂಬ ನೀರುಗಿಡದ ಎಲೆಯ ಮೇಲೆ ನಾನು ಕಂಡದ್ದು ಹೀಗಿತ್ತು: ಹುಟ್ಟಿ ಒಂದೆರಡು ದಿನವಾಗಿದ್ದಿರಬಹುದಾದ ಮರಿಯೊಂದು ಲೋಳೆಯ ಎಳೆಗೆ ಸಿಕ್ಕಿ ಕಾಲು ಬಡಿಯುತ್ತಿತ್ತು. ಹುಳು ತನ್ನ ಮುಂಭಾಗವನ್ನು ಅದರ ಮೇಲೆ ಮಡಚಿ ಒತ್ತಿ ಹಿಡಿದಿತ್ತು. ನಾನು ಸಿರಿಂಜ್ ತಂದು ಇಬ್ಬರನ್ನೂ ಹೀರಿ ಹೊರತೆಗೆಯುವ ಹೊತ್ತಿಗೆ ಮರಿಯ ಕಾಲಾಟ ನಿಂತಿತ್ತು. ಗೆಳೆಯನ ಜಾಡಮಾಲಿ ವಾದ ಅಂದಿಗೆ ಮುಗಿಯಿತು, ನನ್ನ ಮಟ್ಟಿಗಾದರೂ.

ಔಷಧಿಗೆ ಕೈಹಾಕುವ ಮೊದಲು ಉಳಿದ ದಾರಿಗಳನ್ನೆಲ್ಲ ನೋಡಿದೆ. ಹಸಿವಿನಿಂದ ಕೊಲ್ಲುವುದು ಎಂಬ ಸಲಹೆ ಎಲ್ಲರ ಬಾಯಲ್ಲೂ ಇದೆ: ಆಹಾರ ನಿಲ್ಲಿಸಿ, ಹುಳು ಸಾಯುತ್ತದೆ. ಸಾಯುವುದಿಲ್ಲ. ಊಟ ಸಿಗದ ಪ್ಲನೇರಿಯಾ ಕುಗ್ಗುತ್ತದೆ. ತನ್ನ ಮೈಯ ಜೀವಕೋಶಗಳನ್ನೇ ಕರಗಿಸಿಕೊಳ್ಳುತ್ತಾ ಚಿಕ್ಕದಾಗುತ್ತಾ ತಿಂಗಳುಗಟ್ಟಲೆ ಬದುಕುತ್ತದೆ. ಊಟ ಸಿಕ್ಕ ದಿನ ಮತ್ತೆ ಬೆಳೆಯುತ್ತದೆ. ಆಹಾರ ಕಡಿಮೆ ಮಾಡಿದರೆ ಅವುಗಳ ಸಂಖ್ಯೆ ಏರುವುದು ನಿಲ್ಲುತ್ತದೆ, ಅದು ಒಳ್ಳೆಯದೇ. ಆದರೆ ಹಸಿದ ಹುಳುಗಳೂ ಮರಿಗಳೂ ಒಂದೇ ತೊಟ್ಟಿಯಲ್ಲಿದ್ದರೆ ಹುಳು ಯಾವುದರ ಕಡೆ ತಿರುಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಿಲ್ಲ.

ಹುಳು ತಿನ್ನುವ ಮೀನು ಬಿಡುವುದು ಇನ್ನೊಂದು ಸಲಹೆ. ಕೆಲವು ಗೌರಾಮಿಗಳು, ಬೆಟ್ಟಾಗಳು ಪ್ಲನೇರಿಯಾ ತಿನ್ನುತ್ತವೆ. ಆದರೆ ಹುಳುವಿಗಿಂತ ಮೊದಲು ಅವುಗಳ ಕಣ್ಣಿಗೆ ಬೀಳುವುದು ಸಿಗಡಿ ಮರಿ. ಇದರ ಬಗ್ಗೆ ಹೆಚ್ಚು ಹೇಳುವುದಕ್ಕಿಲ್ಲ.

ಕತ್ತರಿಸಿ ಕೊಲ್ಲುವ ಆಲೋಚನೆ ಬಂದವರು ತಮ್ಮ ಬ್ಲೇಡನ್ನು ದೂರ ಇಡುವುದು ಒಳಿತು. ತಲೆ ಕತ್ತರಿಸಿದರೆ ಬಾಲಕ್ಕೆ ಹೊಸ ತಲೆ, ತಲೆಗೆ ಹೊಸ ಬಾಲ. ಮೈತುಂಬ ಹರಡಿರುವ ನಿಯೋಬ್ಲಾಸ್ಟ್ ಎಂಬ ಕಾಂಡಕೋಶಗಳು ಯಾವ ಅಂಗ ಬೇಕಾದರೂ ಕಟ್ಟಿಕೊಡುತ್ತವೆ. ಥಾಮಸ್ ಹಂಟ್ ಮಾರ್ಗನ್, ಹಣ್ಣುನೊಣಗಳ ಮೇಲೆ ಮಾಡಿದ ಕೆಲಸಕ್ಕೆ 1933ರಲ್ಲಿ ನೊಬೆಲ್ ಪಡೆದವನು, ಅದಕ್ಕೂ ಮೊದಲು 1898ರ ಸುಮಾರಿಗೆ ಪ್ಲನೇರಿಯಾಗಳನ್ನು ಕತ್ತರಿಸುತ್ತಾ ಕುಳಿತಿದ್ದ. ಹುಳುವಿನ 279ನೇ ಒಂದು ಭಾಗದಷ್ಟು ತುಣುಕು ಕೂಡ ಪೂರ್ಣ ಹುಳುವಾಗಬಲ್ಲದು ಎಂಬ ಲೆಕ್ಕ ಅವನದು. ಪ್ರಯೋಗಾಲಯಗಳಲ್ಲಿ ಇಂದಿಗೂ ಈ ಹುಳುವನ್ನು ಸಾಕುತ್ತಾರೆ, ಪ್ರೀತಿಯಿಂದಲೇ ಸಾಕುತ್ತಾರೆ. ಕತ್ತರಿಸುವುದಕ್ಕೆ ಯಾರೂ ಇಲ್ಲದಿದ್ದರೂ ಇದು ಬಾಲದ ಭಾಗವನ್ನು ನೆಲಕ್ಕೆ ಅಂಟಿಸಿ, ಮುಂಭಾಗವನ್ನು ಎಳೆದು, ತಾನೇ ಎರಡಾಗುತ್ತದೆ. ಹಾಗಾಗಿ ಒಂದು ಗಿಡದ ಬೇರಿನಲ್ಲಿ ಒಂದೇ ಒಂದು ಹುಳು ಬಂದರೂ ಸಾಕು. ನನ್ನ ತೊಟ್ಟಿಗೆ ಅವು ಬಂದದ್ದೂ ಗಿಡದ ಜೊತೆಯಲ್ಲೇ ಇರಬೇಕು. ತಾವಾಗಿ ಹುಟ್ಟಿಕೊಳ್ಳುವ ಜೀವಿಗಳಲ್ಲ ಅವು.

ಬೋನು ಇಡುವುದರಲ್ಲಿ ಮಾತ್ರ ನನಗೆ ನಂಬಿಕೆಯಿತ್ತು, ಈಗಲೂ ಇದೆ. ಬೆರಳುದ್ದದ ಮುಚ್ಚಳವಿರುವ ಪ್ಲಾಸ್ಟಿಕ್ ಕೊಳವೆಗೆ ಕಾದ ಸೂಜಿಯಿಂದ ಎರಡು ಮಿಲಿಮೀಟರಿನೊಳಗಿನ ತೂತುಗಳನ್ನು ಮಾಡಿದೆ. ಒಳಗೆ ಒಂದು ಚೂರು ಹಸಿ ಮಾಂಸ ಹಾಕಿ, ದೀಪ ಆರಿದ ಮೇಲೆ ಜಲ್ಲಿಯ ಮೇಲೆ ಮಲಗಿಸಿದೆ. ಬೆಳಗ್ಗೆ ದೀಪ ಹಚ್ಚುವ ಮುನ್ನವೇ ತೆಗೆಯಬೇಕು, ಇಲ್ಲದಿದ್ದರೆ ಬೆಳಕಿಗೆ ಹೆದರಿ ಒಳಗಿದ್ದವು ಹೊರಟುಬಿಡುತ್ತವೆ. ಮೊದಲ ಬೆಳಗ್ಗೆ ಕೊಳವೆ ಎತ್ತಿ ನೋಡಿದಾಗ ಮಾಂಸದ ಚೂರು ಕಾಣುತ್ತಲೇ ಇರಲಿಲ್ಲ, ಅಷ್ಟು ಹುಳುಗಳು ಅದನ್ನು ಮುತ್ತಿದ್ದವು. ಎಲ್ಲವನ್ನೂ ಕುದಿಯುವ ನೀರಿಗೆ ಸುರಿದೆ. ಮರುದಿನವೂ ಅಷ್ಟೇ, ಅದರ ಮರುದಿನವೂ. ಕೆಲವು ವಾರ ಈ ದಿನಚರಿ ನಡೆಯಿತು. ಬೋನಿಗೆ ಬೀಳುವ ಸಂಖ್ಯೆ ಇಳಿಯಿತು, ಆದರೆ ಒಂದು ಹಂತಕ್ಕೆ ಬಂದು ಅಲ್ಲೇ ನಿಂತಿತು. ಹೊಟ್ಟೆ ತುಂಬಿದ ಹುಳು ಹಲವು ದಿನ ಊಟ ಹುಡುಕಿ ಬರುವುದಿಲ್ಲ. ತೀರ ಚಿಕ್ಕವು ಜಲ್ಲಿಯ ಒಳಗೇ ಇರುತ್ತವೆ. ಅದರ ಮೇಲೆ ಎರಡು ಸಲ ಸಿಗಡಿ ಮರಿಗಳೂ ತೂತಿನಿಂದ ಒಳಗೆ ಹೊಕ್ಕಿದ್ದವು. ಹುಳುಗಳ ನಡುವೆ ಅವುಗಳ ಗತಿ ಏನಾಗಿತ್ತೆಂದು ಹೇಳುವುದು ಬೇಡ.

ಆದರೂ ಔಷಧಿ ಹಾಕಬೇಕೆಂದಿರುವವರಿಗೂ ನಾನು ಮೊದಲು ಬೋನು ಇಡಿ ಎನ್ನುತ್ತೇನೆ. ನೂರಾರು ಹುಳುಗಳು ಒಮ್ಮೆಲೇ ಸತ್ತು ಕೊಳೆತರೆ ಅಮೋನಿಯಾ ಏರುತ್ತದೆ, ಅದು ಸಿಗಡಿಗಳ ಪ್ರಾಣಕ್ಕೆ ಬರುತ್ತದೆ. ಮುಕ್ಕಾಲು ಪಾಲನ್ನು ಬೋನಿನಿಂದ ತೆಗೆದ ಮೇಲೆ ಉಳಿದ ಕಾಲು ಪಾಲಿಗೆ ಔಷಧಿ ಹಾಕಿದರೆ ಆ ಭಯವಿಲ್ಲ.

ಸಿಗಡಿ ತೊಟ್ಟಿಗೆ ಹಾಕಬಹುದಾದ ಔಷಧಿಗಳು ಮುಖ್ಯವಾಗಿ ಎರಡು. ಒಂದು ಅಡಿಕೆಯದು. ಅಡಿಕೆಯಲ್ಲಿರುವ ಅರೆಕೋಲಿನ್ ಚಪ್ಪಟೆ ಹುಳುಗಳ ನರಗಳನ್ನು ಕೆಡಿಸುತ್ತದೆ. ನಾಯಿಗಳ ಹೊಟ್ಟೆಯ ಲಾಡಿಹುಳು ಬೀಳಿಸಲು ಪಶುವೈದ್ಯರು ಇದನ್ನೇ ಕೊಡುತ್ತಿದ್ದ ಕಾಲವಿತ್ತು. ಲಾಡಿಹುಳುವೂ ಪ್ಲನೇರಿಯಾವೂ ಒಂದೇ ವಂಶದವು, ಅರೆಕೋಲಿನ್ ಎರಡಕ್ಕೂ ತಾಗುತ್ತದೆ. ಅಕ್ವೇರಿಯಂಗೆಂದೇ ತಯಾರಾದ ಅಡಿಕೆ ಸಾರದ ಪುಡಿಯನ್ನು ಮೊದಲ ದಿನ ಪೂರ್ತಿ, ಎರಡನೆಯ ದಿನ ಅರ್ಧ, ಮೂರನೆಯ ದಿನ ಕಾಲು ಎಂಬ ಕ್ರಮದಲ್ಲಿ ಹಾಕುತ್ತಾರೆ. ಮನೆಯಲ್ಲಿ ಅಡಿಕೆ ಕುಟ್ಟಿ ಹಾಕುವ ಸಾಹಸ ಬೇಡ. ಒಂದು ಅಡಿಕೆಯಲ್ಲಿ ಎಷ್ಟು ಅರೆಕೋಲಿನ್ ಇದೆಯೆಂದು ಮನೆಯಲ್ಲಿ ಅಳೆಯುವುದು ಸಾಧ್ಯವಿಲ್ಲ. ಇನ್ನೊಂದು ಫೆನ್‌ಬೆಂಡಜೋಲ್, ನಾಯಿ, ದನ, ಕುದುರೆಗಳಿಗೆ ಕೊಡುವ ಜಂತುಹುಳು ಔಷಧಿ. ನಾನು ಆರಿಸಿದ್ದು ಇದನ್ನು. ಪ್ರಮಾಣ ಲೆಕ್ಕ ಹಾಕಲು ಸುಲಭ, ಚೆರಿ ಸಿಗಡಿಗಳು ತಡೆದುಕೊಳ್ಳುತ್ತವೆ ಎಂಬುದಕ್ಕೆ ಬಳಸಿದವರ ಅನುಭವ ಬೇಕಾದಷ್ಟಿದೆ. ತಾಮ್ರವಿರುವ ಯಾವ ಔಷಧಿಯನ್ನೂ ತೊಟ್ಟಿಯ ಹತ್ತಿರ ತರಬಾರದು. ಹುಳುವಿಗಿಂತ ಮೊದಲು ಸಿಗಡಿ ಹೋಗುತ್ತದೆ.

ಪರಿಚಯದ ಪಶುವೈದ್ಯರಿಗೆ ಫೋನ್ ಮಾಡಿ ಮಾತ್ರೆ ಕೇಳಿದೆ.

"ನಾಯಿಯ ತೂಕ ಎಷ್ಟು?" ಎಂದರು.

"ನಾಯಿಗಲ್ಲ ಡಾಕ್ಟರೇ, ಸಿಗಡಿಗೆ."

ಸ್ವಲ್ಪ ಹೊತ್ತು ಮೌನ. "ಸಿಗಡಿಗೆ ಜಂತುಹುಳುವೇ?"

ವಿವರಿಸಿದೆ. ಅವರು ನಕ್ಕರೂ ಒಂದು ಬೆಲೆಬಾಳುವ ಮಾತು ಹೇಳಿದರು: "ಮಾತ್ರೆಯ ಹೆಸರು ನೋಡಿ ತೆಗೆದುಕೊಳ್ಳಬೇಡಿ, ಹಿಂಬದಿಯ ಸಾಲು ಓದಿ. ಈಗಿನ ಬಹಳಷ್ಟು ಮಾತ್ರೆಗಳಲ್ಲಿ ಎರಡು ಮೂರು ಔಷಧಿ ಸೇರಿಸಿರುತ್ತಾರೆ." ಹೌದು. ಫೆನ್‌ಬೆಂಡಜೋಲ್ ಜೊತೆ ಪ್ರಾಜಿಕ್ವಾಂಟೆಲ್, ಪೈರಾಂಟೆಲ್ ಬೆರೆತ ಮಾತ್ರೆಗಳು ಎಲ್ಲೆಡೆ ಇವೆ. ನಮಗೆ ಬೇಕಾದದ್ದು ಫೆನ್‌ಬೆಂಡಜೋಲ್ ಒಂದೇ ಇರುವಂಥದ್ದು. ಪ್ರಾಜಿಕ್ವಾಂಟೆಲ್ ಲಾಡಿಹುಳುವಿಗೆ ರಾಮಬಾಣವೆಂದು ಪ್ಲನೇರಿಯಾಕ್ಕೂ ಹಾಕುವವರಿದ್ದಾರೆ. ಅವರಿಗೊಂದು ಸ್ವಾರಸ್ಯದ ಸಂಗತಿ: ಕತ್ತರಿಸಿದ ಪ್ಲನೇರಿಯಾವನ್ನು ಪ್ರಾಜಿಕ್ವಾಂಟೆಲ್ ದ್ರಾವಣದಲ್ಲಿಟ್ಟರೆ ಅದು ಎರಡೂ ತುದಿಗೆ ತಲೆ ಬೆಳೆಸಿಕೊಳ್ಳುತ್ತದೆ ಎಂದು ಪ್ರಯೋಗಾಲಯದಲ್ಲಿ ಕಂಡುಕೊಂಡಿದ್ದಾರೆ. ಒಂದು ತಲೆಯ ಕಾಟವೇ ಸಾಕು.

ಪ್ರಮಾಣದ ಲೆಕ್ಕ ಹೀಗಿದೆ. ಶೇಕಡಾ 22ರ ಪುಡಿಯನ್ನು 38 ಲೀಟರ್ ನೀರಿಗೆ 0.1 ಗ್ರಾಂ ಹಾಕುವುದು ಸಾಕುವವರಲ್ಲಿ ರೂಢಿ. ಅಂದರೆ ಅಪ್ಪಟ ಔಷಧಿ 22 ಮಿಲಿಗ್ರಾಂ, ಒಂದು ಲೀಟರಿಗೆ ಹೆಚ್ಚುಕಡಿಮೆ 0.6 ಮಿಲಿಗ್ರಾಂ. ನನ್ನದು 60 ಲೀಟರಿನ ತೊಟ್ಟಿ. ಜಲ್ಲಿ, ಮರದ ಬೊಡ್ಡೆ, ಮೇಲೆ ಬಿಟ್ಟ ಜಾಗ ಎಲ್ಲ ಕಳೆದರೆ ನೀರು 50 ಲೀಟರ್, ಆದ್ದರಿಂದ ಔಷಧಿ 30 ಮಿಲಿಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಇದನ್ನು ತೂಗಲು ಹೋಗುವುದು ವ್ಯರ್ಥ. ನಾನು 150 ಮಿಲಿಗ್ರಾಂ ಔಷಧಿ ಇರುವ ಒಂದು ಮಾತ್ರೆಯನ್ನು ಎರಡು ಚಮಚಗಳ ನಡುವೆ ಒತ್ತಿ ನುಣ್ಣಗೆ ಪುಡಿಮಾಡಿ, ಮುಚ್ಚಳದ ಸೀಸೆಯಲ್ಲಿ 150 ಮಿಲಿಲೀಟರ್ ಬೆಚ್ಚನೆಯ ನೀರಿಗೆ ಹಾಕಿದೆ. ಒಂದು ಮಿಲಿಲೀಟರಿಗೆ ಒಂದು ಮಿಲಿಗ್ರಾಂ ಆಯಿತು. ಆದರೆ ಫೆನ್‌ಬೆಂಡಜೋಲ್ ನೀರಿನಲ್ಲಿ ಕರಗುವ ಜಾತಿಯಲ್ಲ. ಬಿಳಿ ಗಷ್ಟಾಗಿ ತಳ ಸೇರುತ್ತದೆ. ಸೀಸೆಯನ್ನು ಚೆನ್ನಾಗಿ ಕುಲುಕಿ, ಕುಲುಕಿದ ಕೂಡಲೇ ಸಿರಿಂಜಿಗೆ ಎಳೆಯಬೇಕು. ನಿಧಾನಿಸಿದರೆ ಮೊದಲ ಸಿರಿಂಜಿನಲ್ಲಿ ಬರೀ ನೀರು, ಕೊನೆಯ ಸಿರಿಂಜಿನಲ್ಲಿ ಎಲ್ಲ ಔಷಧಿ.

ಹಾಕುವ ಮುನ್ನ ಬಸವನಹುಳುಗಳ ವ್ಯವಸ್ಥೆ ಆಗಬೇಕಿತ್ತು. ಪಟ್ಟೆಪಟ್ಟೆಯ ನೆರೈಟ್ ಬಸವನಹುಳುಗಳು ನನ್ನಲ್ಲಿದ್ದವು, ಗಾಜಿನ ಪಾಚಿಯನ್ನು ಅವುಗಳಷ್ಟು ಅಚ್ಚುಕಟ್ಟಾಗಿ ಒರೆಸುವವರಿಲ್ಲ. ಫೆನ್‌ಬೆಂಡಜೋಲ್ ಅವುಗಳಿಗೆ ಮಾರಕ. ದೊಡ್ಡ ಮಿಸ್ಟರಿ ಬಸವನಹುಳುಗಳಿಗೂ ಅಷ್ಟೇ. ಒಂದೊಂದನ್ನೂ ಎತ್ತಿ, ಚಿಪ್ಪನ್ನು ಹಲ್ಲುಜ್ಜುವ ಬ್ರಷ್‌ನಿಂದ ಉಜ್ಜಿ, ಪ್ರತ್ಯೇಕ ಬಕೆಟ್ಟಿಗೆ ಬಿಟ್ಟೆ. ಆ ಬಕೆಟ್ಟಿನಲ್ಲೂ ರಾತ್ರಿ ಬೋನು ಇಟ್ಟು, ಅವುಗಳ ಬೆನ್ನೇರಿ ಹುಳು ಬಂದಿಲ್ಲವೆಂದು ಖಚಿತಪಡಿಸಿಕೊಂಡ ಮೇಲೆಯೇ ಬೇರೆ ತೊಟ್ಟಿಗೆ ಸೇರಿಸಿದೆ. ಎಲ್ಲಿಂದಲೋ ಬಂದು ತಾವಾಗಿ ಹೆಚ್ಚುವ ಸಣ್ಣ ಬಸವನಹುಳುಗಳನ್ನು ಅವುಗಳ ಪಾಡಿಗೆ ಬಿಟ್ಟೆ, ಬಹುತೇಕ ಬದುಕಿಯೂ ಉಳಿದವು.

ಔಷಧಿ ಹಾಕುವ ಕೆಲಸ ಐದು ನಿಮಿಷದ್ದು. ಜಲ್ಲಿಯ ಮೇಲಿನ ಕಸವನ್ನು ಸೈಫನ್ ಕೊಳವೆಯಿಂದ ಎಳೆದು, ಸಂಜೆ ದೀಪ ಆರಿಸುವ ಹೊತ್ತಿಗೆ 30 ಮಿಲಿಲೀಟರನ್ನು ತೊಟ್ಟಿಯ ಉದ್ದಕ್ಕೂ ಹರಡಿ ಬಿಟ್ಟು, ಏರ್ ಪಂಪಿನ ಗಾಳಿ ಹೆಚ್ಚಿಸಿದೆ. ಸಕ್ರಿಯ ಇಂಗಾಲ ಬಳಸುವವರು ಮೊದಲು ಅದನ್ನು ಫಿಲ್ಟರಿನಿಂದ ತೆಗೆದಿಡಬೇಕು, ಔಷಧಿಯನ್ನೆಲ್ಲ ಅದು ಹೀರಿಬಿಡುತ್ತದೆ. ನೀರು ಮಸುಕಾಯಿತು. ಸಿಗಡಿಗಳು ಏನೂ ಆಗಿಲ್ಲವೆಂಬಂತೆ ಆ ಬಿಳಿ ಕಣಗಳನ್ನೇ ಎತ್ತಿ ರುಚಿ ನೋಡಿದವು. ನನ್ನ ಎದೆ ಹೊಡೆದುಕೊಳ್ಳುತ್ತಿತ್ತು, ಅವಕ್ಕೆ ಅದರ ಗೊಡವೆಯಿಲ್ಲ.

ಬೆಳಗ್ಗೆ ನೋಡಿದಾಗ ಹುಳುಗಳು ಬದುಕಿದ್ದವು, ಆದರೆ ಹಾಡಹಗಲಲ್ಲೇ ಹೊರಗಿದ್ದವು. ಆ ನಯವಾದ ಜಾರುನಡಿಗೆ ಹೋಗಿತ್ತು. ಒಂದು ಹುಳು ಗಾಜಿನ ಮೂಲೆಯಲ್ಲಿ ಅರ್ಧ ಅಂಟಿಕೊಂಡು, ಮೈಯ ಅಂಚು ಸುಕ್ಕುಸುಕ್ಕಾಗಿ, ತಲೆಯ ತ್ರಿಕೋನವೇ ಕಾಣದಂತೆ ಮುದುಡಿತ್ತು. ಇನ್ನು ಕೆಲವು ಜಲ್ಲಿಯ ಮೇಲೆ ಬಿದ್ದು ಸುರುಳಿಯಾಗಿದ್ದವು. ಮೂರನೆಯ ದಿನದ ಹೊತ್ತಿಗೆ ಅವು ಬೂದು ಲೋಳೆಯ ಮುದ್ದೆಗಳಾಗಿದ್ದವು. ಕೊಳವೆಯಿಂದ ಎಳೆದೆಳೆದು ತೆಗೆದೆ. ಮಾಸ್‌ನಲ್ಲಿ ಕುಳಿತಿದ್ದ ಒಂದು ಹೈಡ್ರಾ, ಅದೂ ಮರಿ ಹಿಡಿಯುವ ಪ್ರಾಣಿಯೇ, ಗ್ರಹಚಾರ ಸಾಲದೆ ಇದೇ ಔಷಧಿಯಲ್ಲಿ ಹೋಯಿತು. ಸಿಗಡಿಗಳಲ್ಲಿ ಒಂದೂ ಸಾಯಲಿಲ್ಲ. ಮೊಟ್ಟೆ ಹೊತ್ತಿದ್ದ ಹೆಣ್ಣು ಮೊಟ್ಟೆ ಉದುರಿಸಲಿಲ್ಲ. ಅಮೋನಿಯಾ ಪರೀಕ್ಷೆಯ ನೀರಿನಲ್ಲಿ ಮಾತ್ರ ಹಸಿರು ಛಾಯೆ ಇಣುಕಿತು, ಅಂದರೆ ಅಮೋನಿಯಾ ತುಸು ಏರಿತ್ತು. ಮೂರರಲ್ಲಿ ಒಂದು ಪಾಲು ನೀರು ತೆಗೆದು, ಅದೇ ಉಷ್ಣತೆಯ, ಅಷ್ಟೇ ಗಡಸಿನ ಹೊಸ ನೀರನ್ನು ಸಣ್ಣ ಕೊಳವೆಯಿಂದ ಹನಿಹನಿಯಾಗಿ ಬಿಟ್ಟೆ. ಒಮ್ಮೆಲೇ ಸುರಿದರೆ ಸಿಗಡಿಗಳು ಅಕಾಲದಲ್ಲಿ ಪೊರೆ ಕಳಚಲು ಹೋಗಿ ಸಾಯುವುದುಂಟು.

ಇಷ್ಟಕ್ಕೆ ಕೈತೊಳೆದುಕೊಂಡವರ ತೊಟ್ಟಿಯಲ್ಲಿ ತಿಂಗಳೊಳಗೆ ಹುಳು ಮತ್ತೆ ಕಾಣುತ್ತದೆ. ಎರಡಾಗಿ ಒಡೆಯುವುದರ ಜೊತೆಗೆ ಪ್ಲನೇರಿಯಾ ಮೊಟ್ಟೆಯನ್ನೂ ಇಡುತ್ತದೆ. ಅನೂಬಿಯಾಸ್ ಎಲೆಯ ಕೆಳಗೆ ಗಿಡ್ಡ ತೊಟ್ಟಿನ ಮೇಲೆ ನಿಂತ, ಎರಡು ಮಿಲಿಮೀಟರ್ ಅಗಲದ ಕಡುಕಂದು ಗುಂಡನ್ನು ನಾನು ಮೊದಲು ಬಸವನಹುಳುವಿನ ಮೊಟ್ಟೆಯೆಂದೇ ನೋಡಿದ್ದೆ. ಉಗುರಿನಿಂದ ಒತ್ತಿದರೆ ಗಟ್ಟಿ. ಅದು ಹುಳುವಿನ ಮೊಟ್ಟೆಕೋಶ, ಒಂದರೊಳಗೆ ಹಲವು ಮರಿಗಳಿರುತ್ತವೆ. ಆ ಗಟ್ಟಿ ಕವಚವನ್ನು ಔಷಧಿ ದಾಟುವುದಿಲ್ಲ. ಕಣ್ಣಿಗೆ ಬಿದ್ದವನ್ನು ಕೆರೆದು ತೆಗೆದೆ. ಬೀಳದವುಗಳ ಸಲುವಾಗಿ, ಮರಿಗಳು ಹೊರಬರುವಷ್ಟು ಸಮಯ ಕೊಟ್ಟು, ಸುಮಾರು ಎರಡು ವಾರದ ಬಳಿಕ ಅದೇ ಪ್ರಮಾಣವನ್ನು ಮತ್ತೆ ಹಾಕಿದೆ. ಹಳೆಯ ಸೀಸೆಯ ನೀರನ್ನು ಬಳಸದೆ ಹೊಸ ಮಾತ್ರೆ ಅರೆದೆ. ಆಮೇಲೆ ಬೋನು ಖಾಲಿ ಬರತೊಡಗಿತು. ಖಾಲಿ ಬೋನನ್ನು ನೋಡಿ ಅಷ್ಟು ಸಂತೋಷಪಡುವ ಬೇಟೆಗಾರ ಇನ್ನೊಬ್ಬನಿರಲಾರ.

ಫೆನ್‌ಬೆಂಡಜೋಲಿನ ಒಂದು ಸಾಲವನ್ನು ಮಾತ್ರ ದೀರ್ಘಕಾಲ ತೀರಿಸಬೇಕಾಗುತ್ತದೆ. ನೀರು ಎಷ್ಟು ಬದಲಿಸಿದರೂ ಜಲ್ಲಿಯಲ್ಲಿ, ಮರದ ಬೊಡ್ಡೆಯಲ್ಲಿ, ಸ್ಪಂಜಿನಲ್ಲಿ ಅದು ಕುಳಿತಿರುತ್ತದೆ. ನೆರೈಟ್‌ಗಳನ್ನು ವಾಪಸು ಬಿಡಲು ತಿಂಗಳುಗಳೇ ಬೇಕು. ಸಕ್ರಿಯ ಇಂಗಾಲ ಹಾಕಿ ನೀರು ಶುದ್ಧ ಮಾಡಿಕೊಂಡರೂ ನಾನು ಅವುಗಳನ್ನು ಹಿಂದಕ್ಕೆ ತರುವ ಧೈರ್ಯ ಮಾಡಿಲ್ಲ. ಬಸವನಹುಳುಗಳೇ ಮುಖ್ಯವಾಗಿರುವ ತೊಟ್ಟಿಯಾಗಿದ್ದರೆ ಬೋನಿನ ದಿನಚರಿಯನ್ನೇ ಇನ್ನಷ್ಟು ಕಾಲ ಮುಂದುವರಿಸುತ್ತಿದ್ದೆ. ಪಾಚಿಯನ್ನು ಈಗ ನಾನೇ ಕೆರೆಯುತ್ತೇನೆ.

ಹೊಸ ಗಿಡ ತಂದರೆ ನೇರವಾಗಿ ತೊಟ್ಟಿಗೆ ಹಾಕುವುದನ್ನೂ ಬಿಟ್ಟಿದ್ದೇನೆ. ಅನೂಬಿಯಾಸ್‌ನಂಥ ಗಟ್ಟಿ ಎಲೆಯ ಗಿಡಗಳನ್ನು ಒಂದು ಪಾಲು ಬ್ಲೀಚ್, ಹತ್ತೊಂಬತ್ತು ಪಾಲು ನೀರಿನಲ್ಲಿ ಎರಡು ನಿಮಿಷ ಅದ್ದಿ, ಕ್ಲೋರಿನ್ ತೆಗೆಯುವ ದ್ರಾವಣದಲ್ಲಿ ಚೆನ್ನಾಗಿ ತೊಳೆಯುತ್ತೇನೆ. ಮಾಸ್ ಇದನ್ನು ತಡೆಯುವುದಿಲ್ಲ, ಬಿಳಿಚಿಕೊಂಡು ಸಾಯುತ್ತದೆ. ಅದಕ್ಕೆ ಬೇರೆ ಬಕೆಟ್ಟು, ಕೆಲವು ವಾರದ ವನವಾಸ, ರಾತ್ರಿ ಬೋನು. ಸಿಗಡಿಗಳ ಊಟವನ್ನು ಗಾಜಿನ ತಟ್ಟೆಯಲ್ಲೇ ಹಾಕಿ, ಎರಡು ಗಂಟೆಯಲ್ಲಿ ಮುಗಿಸದ್ದನ್ನು ಎತ್ತಿಬಿಡುತ್ತೇನೆ. ಜಲ್ಲಿಯೊಳಗೆ ಉಳಿಯುವ ಪುಡಿ ಕಡಿಮೆಯಾದಷ್ಟೂ ಹುಳುವಿನ ಪಾಲು ಕಡಿಮೆ.

ಇತ್ತೀಚೆಗೆ ಪರಿಚಯದ ಹುಡುಗನೊಬ್ಬ ಉಪ್ಪಿನಕಾಯಿ ಜಾಡಿಯಲ್ಲಿ ನೀರು ತುಂಬಿಕೊಂಡು ಬಂದ. ಅವನೂ ಹೊಸದಾಗಿ ಸಿಗಡಿ ಸಾಕುತ್ತಿದ್ದಾನೆ. "ಅಣ್ಣಾ, ಪ್ಲನೇರಿಯಾ ತುಂಬಿಹೋಗಿದೆ. ನಿಮ್ಮ ಹತ್ತಿರ ಮಾತ್ರೆ ಉಳಿದಿದ್ದರೆ ಕೊಡಿ" ಎಂದ. ಒಂದನ್ನು ಬಿಳಿ ಬಟ್ಟಲಿಗೆ ಬಿಟ್ಟು ಅವನ ಕೈಗೆ ಭೂತಗನ್ನಡಿ ಕೊಟ್ಟೆ. "ಹೇಗೆ ಚಲಿಸುತ್ತಿದೆ ನೋಡು."

"ಒದ್ದಾಡುತ್ತಿದೆ."

"ತಲೆ?"

"ತಲೆ ಯಾವುದು, ಬಾಲ ಯಾವುದು ಎಂದೇ ತಿಳಿಯುತ್ತಿಲ್ಲ. ಮೈಯಲ್ಲಿ ಗೆರೆ ಗೆರೆ ಇದೆ."

ಮಾತ್ರೆ ಕೊಡಲಿಲ್ಲ. ಜಲ್ಲಿ ಸ್ವಚ್ಛ ಮಾಡಲು ಸೈಫನ್ ಕೊಳವೆ ಕೊಟ್ಟು ಕಳಿಸಿದೆ.